ಬೆನ್ನು ಬಾಗಿದ ಮೇಲೆ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಿಂದ ನಿವೃತ್ತ ಶಿಕ್ಷಕಿಯೊಬ್ಬರು ಕಾಗದ ಬರೆದಿದ್ದಾರೆ. ವಯಸ್ಸು 79. ಹೆಸರು ಹಾಕಬೇಡಿ ಅಂದಿದ್ದಾರೆ. ಕಾಗದ ಉದ್ದವಿದೆ, ಮುಖ್ಯ ಭಾಗ ಇಷ್ಟು:

"ಯಜಮಾನರು ಹೋಗಿ ನಾಲ್ಕು ವರ್ಷ ಆಯಿತು. ಮಗ, ಸೊಸೆ ಬೆಂಗಳೂರಲ್ಲಿದ್ದಾರೆ. ಮನೆಯಲ್ಲಿ ನಾನು, ನನ್ನನ್ನು ನೋಡಿಕೊಳ್ಳಲು ಒಬ್ಬ ಹುಡುಗಿ. ಎರಡೂ ಮಂಡಿ ಹೋಗಿದೆ. ಕೈ ನಡುಗುತ್ತೆ, ದೀಪಕ್ಕೆ ಎಣ್ಣೆ ಬಿಡಲು ಹೋದರೆ ಅರ್ಧ ನೆಲಕ್ಕೆ. ಹೇಳೋಕೆ ನಾಚಿಕೆ, ಮೂತ್ರ ತಡೆಯೋಕೆ ಆಗೋದಿಲ್ಲ. ಅದಕ್ಕೇ ಎಂಟು ತಿಂಗಳಿಂದ ದೇವರ ಕೋಣೆಗೆ ಕಾಲಿಟ್ಟಿಲ್ಲ. ಮೊನ್ನೆ ನೆಂಟರೊಬ್ಬರು ಬಂದು, ‘ಎಲ್ಲಾ ಹಿಂದಿನ ಜನ್ಮದ್ದು, ಇಲ್ಲೇ ಸವೆಸಿ ಹೋಗಬೇಕು’ ಅಂದರು. ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ಬಸವಣ್ಣನವರ ‘ನೆರೆ ಕೆನ್ನೆಗೆ, ತೆರೆ ಗಲ್ಲಕೆ’ ವಚನ ಬಾಯಿಪಾಠ ಮಾಡಿಸಿದವಳು. ಬೆನ್ನು ಬಾಗುವ ಮುನ್ನ ಪೂಜಿಸು ಅಂದರು ಅವರು. ನನ್ನ ಬೆನ್ನು ಬಾಗಿಯೇ ಹೋಯಿತಲ್ಲ, ಇನ್ನು ನನಗೆ ಏನು ಉಳಿದಿದೆ? ಈ ನೋವಿಂದ ದೇವರಿಗೆ ಏನಾಗಬೇಕು? ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಯಾಕಪ್ಪಾ ಇನ್ನೂ ಕರೆಸಿಕೊಂಡಿಲ್ಲ ಅಂತ ಕೇಳ್ತೀನಿ. ಹೀಗೆ ಗೊಣಗೋದೂ ಪಾಪವಾ?"

ಅಮ್ಮಾ, ನಮಸ್ಕಾರ.

ನಿಮ್ಮ ಕಾಗದ ಆರಿದ್ರ ಮಳೆಯಲ್ಲಿ ನೆನೆದುಕೊಂಡೇ ಬಂತು. ಅಂಚೆಯವರು ಪಾಪ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಯೇ ತಂದಿದ್ದರು. ಆದರೂ ನಾಲ್ಕು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮೆಲ್ಲಗೆ ಬಿಡಿಸಿ, ಮೇಜಿನ ಮೇಲೆ ಹರಡಿ, ಫ್ಯಾನಿನ ಗಾಳಿಗೆ ಒಣಗಿಸಿ ಓದಿದೆ. ಸಾಲುಗಳು ಅಲ್ಲಲ್ಲಿ ಏರಿ ಇಳಿದಿವೆ. ಅಕ್ಷರ ಮಾತ್ರ ಶಾಲೆಯ ಕಪ್ಪುಹಲಗೆಯ ಅಕ್ಷರವೇ. ಒಂದು ಒತ್ತು, ಒಂದು ದೀರ್ಘ ತಪ್ಪಿಲ್ಲ.

ಉತ್ತರಕ್ಕೆ ಮೂರು ವಾರ ಹಿಡಿಯಿತು, ಬೇಜಾರು ಮಾಡಿಕೊಳ್ಳಬೇಡಿ. ಎರಡು ಸಲ ಬರೆದು ಹರಿದು ಹಾಕಿದೆ. ಎರಡರಲ್ಲೂ ನಾನು ಸಮಾಧಾನ ಹೇಳಲು ಹೊರಟಿದ್ದೆ. ನೀವು ಸಮಾಧಾನ ಕೇಳಿರಲಿಲ್ಲ, ಪ್ರಶ್ನೆ ಕೇಳಿದ್ದಿರಿ.

ಮೊದಲು ನಿಮ್ಮ ನೆಂಟರ ಮಾತು. ಅದನ್ನು ಎತ್ತಿ ಅಂಗಳದ ಆಚೆ ಹಾಕಿ. ಮಂಡಿ ಸವೆದದ್ದಕ್ಕೆ ಕಾರಣ ಹುಡುಕಿಕೊಂಡು ಹಿಂದಿನ ಜನ್ಮಕ್ಕೆ ಹೋಗಬೇಕಾಗಿಲ್ಲ. ನೀವೇ ಬರೆದಿದ್ದೀರಿ, ಶಾಲೆಗೆ ದಿನಾ ಗುಡ್ಡ ಹತ್ತಿ ಇಳಿಯುತ್ತಿದ್ದೆ, ಮಳೆಗಾಲದಲ್ಲಿ ಸಂಕ ದಾಟುತ್ತಿದ್ದೆ, ಮನೆಗೆ ಬಂದು ಕೊಟ್ಟಿಗೆಗೆ ಸೊಪ್ಪಿನ ಹೊರೆ ಹೊರುತ್ತಿದ್ದೆ ಅಂತ. ಮೂಳೆಗಳ ನಡುವಿನ ಮೆತ್ತೆ ಸವೆದಿದೆ. ದುಡಿದ ಮಂಡಿ ಅದು.

ಕರ್ಮದ ಮಾತನ್ನು ನಾನು ತಳ್ಳಿ ಹಾಕುತ್ತಿಲ್ಲ. ನಾನೂ ಅದನ್ನು ಕೇಳಿಕೊಂಡೇ ಬೆಳೆದವನು. ಆದರೆ ‘ಪ್ರಾರಬ್ಧ’ ಅನ್ನುವ ಮಾತು ಶಂಕರರ ಭಾಷ್ಯದಲ್ಲಿ ಯಾವ ಪ್ರಶ್ನೆಗೆ ಉತ್ತರವಾಗಿ ಬರುತ್ತದೆ ನೋಡಿ. ಜ್ಞಾನಿಯ ಕರ್ಮವೆಲ್ಲ ಸುಟ್ಟುಹೋಗಿರುತ್ತದೆ, ಹಾಗಿದ್ದ ಮೇಲೆ ಅವನ ದೇಹ ಯಾಕೆ ಇನ್ನೂ ಉಳಿದಿದೆ ಅನ್ನುವುದು ಪ್ರಶ್ನೆ. ಬಿಲ್ಲಿನಿಂದ ಬಿಟ್ಟ ಬಾಣ ಅದರ ವೇಗ ಮುಗಿಯುವವರೆಗೂ ಹೋಗುತ್ತದಲ್ಲ, ದೇಹವೂ ಹಾಗೆ ಅನ್ನುವುದು ಉತ್ತರ. ಅಂದರೆ ಜ್ಞಾನಿಯ ದೇಹಕ್ಕೂ ಮುಪ್ಪು, ನೋವು ತಪ್ಪಿದ್ದಲ್ಲ ಅಂತ ತಿಳಿಸಲು ಬಂದ ಮಾತು ಅದು. ಅದನ್ನೇ ತಿರುಗಿಸಿ, ನೋವಿರುವವರೆಲ್ಲ ಪಾಪಿಗಳು ಅಂತ ಮಾಡಿಕೊಂಡವರು ನಾವು. ರಾಮಕೃಷ್ಣ ಪರಮಹಂಸರು 1886ರಲ್ಲಿ ತೀರಿಕೊಂಡದ್ದು ಗಂಟಲ ಕ್ಯಾನ್ಸರ್‌ನಿಂದ. ರಮಣ ಮಹರ್ಷಿಗಳು 1950ರಲ್ಲಿ ತೀರಿಕೊಂಡದ್ದು ತೋಳಿಗೆ ಬಂದ ಕ್ಯಾನ್ಸರ್ ಗೆಡ್ಡೆಯಿಂದ. ಅವರ ಹಾಸಿಗೆಯ ಹತ್ತಿರ ನಿಂತು, ಸವೆಸಿ ಹೋಗಿ ಅಂತ ಹೇಳುವ ಧೈರ್ಯ ಯಾರಿಗಿದೆ?

ಇದಕ್ಕೆ ಹತ್ತಿರದ ಒಂದು ಮಾತು ಬೃಹದಾರಣ್ಯಕ ಉಪನಿಷತ್ತಿನ ಐದನೇ ಅಧ್ಯಾಯದಲ್ಲಿದೆ. ‘ಏತದ್ವೈ ಪರಮಂ ತಪೋ ಯದ್ ವ್ಯಾಹಿತಸ್ತಪ್ಯತೇ.’ ಕಾಯಿಲೆ ಬಿದ್ದವನು ಬೇಯುತ್ತಾನಲ್ಲ, ಅದೇ ಎಲ್ಲಕ್ಕಿಂತ ದೊಡ್ಡ ತಪಸ್ಸು. ಮೊದಲ ಸಲ ಓದಿದಾಗ ನನಗೆ ಸಿಟ್ಟೇ ಬಂತು. ಆಮೇಲೆ ಮುಂದಿನ ಸಾಲು ಕಣ್ಣಿಗೆ ಬಿತ್ತು. ‘ಯ ಏವಂ ವೇದ’, ಯಾರು ಹೀಗೆ ತಿಳಿಯುತ್ತಾರೋ ಅವರಿಗೆ ಅದರ ಫಲ ಅಂತ ಇದೆ. ಯಾರು ಹೀಗೆ ಪಕ್ಕದವರಿಗೆ ಹೇಳುತ್ತಾರೋ ಅಂತ ಇಲ್ಲ. ನಿಮ್ಮ ನೋವನ್ನು ನೀವೇ ಒಂದು ದಿನ ತಪಸ್ಸು ಅಂತ ಕರೆದುಕೊಂಡರೆ ಅದು ನಿಮಗೆ ಊರುಗೋಲು ಆಗಬಹುದು. ಅದೇ ಮಾತನ್ನು, ಮಂಡಿ ಗಟ್ಟಿ ಇರುವ ಒಬ್ಬ ನೆಂಟ ಕಾಫಿ ಕುಡಿಯುತ್ತಾ ಹೇಳಿದರೆ ಕಲ್ಲು ಎಸೆದ ಹಾಗೆ. ಅದಕ್ಕೇ ನಾನು ಕೂಡ ಈ ಪುಟದಲ್ಲಿ ನಿಮ್ಮ ನೋವಿನ ಅರ್ಥ ಇದು ಅಂತ ಹೇಳುವುದಿಲ್ಲ. ಆ ಹಕ್ಕು ನಿಮ್ಮದು.

ಆದರೆ ‘ದೇವರಿಗೆ ಏನಾಗಬೇಕು’ ಅಂತ ಕೇಳಿದಿರಲ್ಲ, ಅದಕ್ಕೆ ಹೇಳುತ್ತೇನೆ. ಏನೂ ಆಗಬೇಕಿಲ್ಲ ಅಂತಲೇ ನನ್ನ ನಂಬಿಕೆ. ಭೀಷ್ಮರ ಕಥೆ ನೆನಪು ಮಾಡಿಕೊಳ್ಳಿ. ನಮ್ಮ ಕಡೆಯವರು ಭಾರತ ಕೇಳಿದ್ದು ಹೆಚ್ಚಾಗಿ ಗಮಕದಲ್ಲಿ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಗಮಕಿಗಳ ಕುಮಾರವ್ಯಾಸ ಕೇಳಿ ಬೆಳೆದವರು ಎಷ್ಟು ಜನ ಇದ್ದಾರೆ. ಆದರೆ ಕುಮಾರವ್ಯಾಸ ಹತ್ತು ಪರ್ವಕ್ಕೆ, ಗದಾಪರ್ವಕ್ಕೆ ನಿಲ್ಲಿಸಿಬಿಟ್ಟ. ಮುಂದಿನ ಶಾಂತಿಪರ್ವದ ಒಂದು ಸಂಗತಿ ಹಾಗಾಗಿ ನಮ್ಮಲ್ಲಿ ಅಷ್ಟು ಬಳಕೆಯಲ್ಲಿಲ್ಲ. ಶರಶಯ್ಯೆಯ ಮೇಲೆ ಬಿದ್ದ ದಿನ, ಬಾಣ ಕೀಳಲು ಬಂದ ವೈದ್ಯರನ್ನು ಬೇಡ ಅಂತ ಕಳಿಸಿದವರು ಭೀಷ್ಮರು. ಯುದ್ಧ ಮುಗಿದು, ಧರ್ಮರಾಯನಿಗೆ ಧರ್ಮ ಹೇಳಿ ಅಂತ ಕೃಷ್ಣ ಕೇಳಿದಾಗ ಅದೇ ಭೀಷ್ಮರು ಏನಂದರು ಗೊತ್ತಾ? ಮೈಯೆಲ್ಲ ಉರಿಯುತ್ತಿದೆ, ಬುದ್ಧಿ ತಿಳಿಯಾಗಿಲ್ಲ, ಮಾತೇ ಹೊರಡುತ್ತಿಲ್ಲ, ನಾನು ಏನು ಹೇಳಲಿ ಅಂದರು. ಭೀಷ್ಮರಂಥವರು! ಆಗ ಕೃಷ್ಣ, ಸಹಿಸಿಕೋ, ನೋವಿನಿಂದಲೇ ಜ್ಞಾನ ಬರುತ್ತದೆ ಅನ್ನಲಿಲ್ಲ. ಉರಿ, ನೋವು, ಹಸಿವು, ಬಾಯಾರಿಕೆ ಯಾವುದೂ ನಿನ್ನನ್ನು ಕಾಡದಿರಲಿ ಅಂತ ಮೊದಲು ವರ ಕೊಟ್ಟ. ಧರ್ಮದ ಮಾತು ಶುರುವಾದದ್ದು ಅದಾದ ಮೇಲೆ. ವಿಷ್ಣುಸಹಸ್ರನಾಮ ನಮಗೆ ಸಿಕ್ಕಿದ್ದೂ ಆಮೇಲೆಯೇ.

ಹಾಗಾಗಿ ಅಮ್ಮಾ, ಅರ್ಥ ಗಿರ್ಥ ಆಮೇಲೆ. ಕಡಿಮೆ ಮಾಡಬಹುದಾದ ನೋವನ್ನು ಮೊದಲು ಕಡಿಮೆ ಮಾಡಿಕೊಳ್ಳಿ. ಮೂತ್ರದ ತೊಂದರೆ ಬರೆಯಲು ನಾಚಿಕೆ ಪಟ್ಟಿದ್ದೀರಿ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹೆಂಗಸರು ಇದನ್ನು ಬಾಯಿಬಿಟ್ಟು ಹೇಳದೆ ವರ್ಷಗಟ್ಟಲೆ ಅನುಭವಿಸುತ್ತಾರೆ. ಸೋಂಕು, ಸಕ್ಕರೆ ಕಾಯಿಲೆ, ಹೆರಿಗೆಗಳಿಂದ ಸಡಿಲವಾದ ಸ್ನಾಯು, ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆ, ಕಾರಣ ಯಾವುದೂ ಇರಬಹುದು. ಎಷ್ಟೋ ಜನರಿಗೆ ಔಷಧಿಯಿಂದ, ಸಣ್ಣ ವ್ಯಾಯಾಮದಿಂದ ಕಡಿಮೆಯಾಗುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ಕೈ ನಡುಕವನ್ನೂ ಹೇಳಿ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ. ಮಳೆಗಾಲದ ರಾತ್ರಿ ಬಚ್ಚಲಿಗೆ ಹೋಗಬೇಕಲ್ಲ ಅಂತ ಹೆದರಿ ನಮ್ಮ ಅಜ್ಜಿಯರು ಮಧ್ಯಾಹ್ನದಿಂದಲೇ ನೀರು ಬಿಡುತ್ತಾರೆ. ಅದರಿಂದ ಸೋಂಕು ಜಾಸ್ತಿಯಾಗುತ್ತದೆ. ಮಂಚದ ಪಕ್ಕ ಒಂದು ಕಮೋಡ್ ಕುರ್ಚಿ, ಬಚ್ಚಲಿನ ಗೋಡೆಗೆ ಒಂದು ಹಿಡಿಕೆ ಹಾಕಿಸಲು ಮಗನಿಗೆ ಹೇಳಿ.

ಮತ್ತೆ ಆ ಬೆಳಗಿನ ಪ್ರಶ್ನೆ, ಯಾಕೆ ಕರೆಸಿಕೊಂಡಿಲ್ಲ ಅನ್ನುವುದು. ದೇವರ ಹತ್ತಿರ ಸಲಿಗೆಯಿಂದ ಕೇಳುವ ಮಾತಾದರೆ ನನಗೆ ಭಯವಿಲ್ಲ. ಆದರೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಮೊಮ್ಮಗಳ ಫೋನು ಬಂದರೂ ಮಾತಾಡಲು ಮನಸ್ಸಿಲ್ಲ ಅನ್ನುವ ಹಾಗಿದ್ದರೆ ಅದು ಮನಸ್ಸಿನ ಕಾಯಿಲೆ ಇರಬಹುದು. ಮಂಡಿ ನೋವಿಗೆ ಇರುವ ಹಾಗೆ ಅದಕ್ಕೂ ಔಷಧಿ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಯಾವಾಗಲಾದರೂ, ದುಡ್ಡಿಲ್ಲದೆ. ಹಿರಿಯರಿಗೆ ಅಂತಲೇ 14567 ಕೂಡ ಇದೆ. ಎರಡನ್ನೂ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಸಾಯಬೇಕು ಅನ್ನಿಸಿದ ದಿನವಂತೂ ಒಬ್ಬರೇ ಇರಬೇಡಿ, ಆ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಮಗನಿಗೆ ಫೋನ್ ಮಾಡಿಸಿ.

ಇನ್ನು ವಚನ.

ನಿಮ್ಮ ಕಾಗದವನ್ನು ಎರಡನೇ ಸಲ ಓದಿದಾಗ ನನಗೆ ಅನ್ನಿಸಿದ್ದು, ನಿಮ್ಮನ್ನು ಹೆಚ್ಚು ಸುಡುತ್ತಿರುವುದು ಮಂಡಿ ನೋವಲ್ಲ, ಆ ವಚನದಲ್ಲಿರುವ ‘ಹಂಗು’ ಅನ್ನುವ ಮಾತು. ‘ಹಲ್ಲು ಹೋಗಿ ಬೆನ್ನು ಬಾಗಿ ಅನ್ಯರಿಗೆ ಹಂಗಾಗದ ಮುನ್ನ.’ ಆ ಹುಡುಗಿ ನಿಮ್ಮ ಸೀರೆ ಬದಲಾಯಿಸುವಾಗ ಗೋಡೆ ಕಡೆ ತಿರುಗಿಕೊಳ್ಳುತ್ತೇನೆ ಅಂತ ಬರೆದಿದ್ದೀರಿ. ಆ ಒಂದು ಸಾಲು ಓದಿ ನಾನು ಸ್ವಲ್ಪ ಹೊತ್ತು ಎದ್ದು ಹೊರಗೆ ಹೋದೆ.

ಯಾಕೆ ಅಂದರೆ ನನ್ನ ಅಮ್ಮ. ಹೊಸನಗರದ ಕಡೆ ನಮ್ಮ ಮನೆಯಲ್ಲಿ ಎರಡು ವರ್ಷ ಮಲಗಿದ್ದಲ್ಲೇ ಇದ್ದರು. ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು. ಒಂದು ರಾತ್ರಿ ನಾಲ್ಕೈದು ಸಲ ಕರೆದರು. ಐದನೇ ಸಲ ನಾನು, ‘ಎಷ್ಟು ಸಲ ಕರೀತೀಯಮ್ಮ, ಮಲಗೋಕೆ ಬಿಡ್ತೀಯಾ’ ಅಂತ ಕೂಗಿದೆ. ಆಮೇಲೆ ಅವರು ಕರೆಯಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆ ಪೂರ್ತಿ ಒದ್ದೆ. ಕಂಬಳಿ ಕೂಡ ನೆನೆದಿತ್ತು. ಕಣ್ಣು ಬಿಟ್ಟುಕೊಂಡೇ ಸುಮ್ನೆ ಮಲಗಿದ್ದರು. ಹಂಗು ಅಂದರೆ ಏನು ಅಂತ ನನಗೆ ಅರ್ಥವಾದದ್ದು ಆವತ್ತು.

ಆವತ್ತು ಹಂಡೆಯಿಂದ ಬಿಸಿನೀರು ತಂದು, ಅವರನ್ನು ಮಗ್ಗುಲಿಗೆ ತಿರುಗಿಸಿ, ಬೆನ್ನು ಒರೆಸಿ, ಒಣಗಿದ ಸೀರೆ ಸುತ್ತಿ ಮಲಗಿಸಿದೆ. ಆಗ ಅಮ್ಮ ಒಂದು ಕೆಲಸ ಮಾಡಿದರು. ಎಡಗೈಯಿಂದ ಆ ಸತ್ತ ಬಲಗೈಯ ಮಣಿಕಟ್ಟು ಹಿಡಿದರು. ಎಳೆದು ಎದೆಯ ಮೇಲೆ ತಂದುಕೊಂಡರು. ಜಾರಿ ಬಿತ್ತು. ಮತ್ತೆ ಹಿಡಿದು ತಂದರು. ಮಡಚಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎಡಗೈ ಅದಕ್ಕೆ ತಾಗಿಸಿ ಕೈ ಮುಗಿದರು. ನನಗೆ ತಡೆಯಲಾಗಲಿಲ್ಲ. ‘ಮಗನಿಗೆ ಕೈ ಮುಗಿಯೋದಾ, ಬಿಡಮ್ಮ’ ಅಂದೆ. ಅಮ್ಮನ ಮಾತು ತೊದಲುತ್ತಿತ್ತು. ‘ನಿಂಗಲ್ಲ ಮಾರಾಯ. ಬೆನ್ನಿಗೆ ಬಿಸಿನೀರು ಬಿತ್ತಲ್ಲ, ಅದ್ಕೆ’ ಅಂದರು.

ಆಮೇಲೆ ದಿನಾ ಹಾಗೇ ಮಾಡುತ್ತಿದ್ದರು, ಹೋಗುವ ತನಕ. ಅಮ್ಮ ಅದುವರೆಗೆ ಮಾಡಿದ್ದ ಎಷ್ಟೋ ವ್ರತ, ಪೂಜೆ ನಾನು ನೋಡಿದ್ದೇನೆ. ಅಷ್ಟು ಕಷ್ಟಪಟ್ಟು ಮಾಡಿದ ಪೂಜೆ ಬೇರೆ ನೋಡಿಲ್ಲ.

ನಮ್ಮದೇ ಜಿಲ್ಲೆಯ ಉಡುತಡಿಯ ಅಕ್ಕಮಹಾದೇವಿ, ಹಸಿವಾದರೆ ಊರೊಳಗೆ ಭಿಕ್ಷಾನ್ನಗಳುಂಟು ಅಂದಳಲ್ಲ. ಮನೆ ಮನೆಯ ಮುಂದೆ ನಿಂತು ಅನ್ನ ಕೇಳುವವಳು ಅವಳು. ಹಂಗು ಅನ್ನುವ ಮಾತೇ ಅಲ್ಲಿ ಇಲ್ಲ. ಕೊನೆಯ ಸಾಲಿಗೆ ಬರುವಾಗ ‘ಆತ್ಮ ಸಂಗಾತಕ್ಕೆ ನೀನೆನಗುಂಟು’ ಅಂತಾಳೆ. ಕೈ ಚಾಚಿ ತೆಗೆದುಕೊಳ್ಳುವುದಕ್ಕೂ ಒಂದು ಗಟ್ಟಿತನ ಬೇಕಮ್ಮಾ. ಮೂವತ್ತೊಂದು ವರ್ಷ ನೀವು ಕೊಟ್ಟವರು. ಎಷ್ಟು ಮಕ್ಕಳ ಮೂಗು ಒರೆಸಿದ್ದೀರಿ, ಚಡ್ಡಿ ಒದ್ದೆ ಮಾಡಿಕೊಂಡ ಒಂದನೇ ಕ್ಲಾಸಿನವರನ್ನು ತೊಳೆದು ಕೂರಿಸಿದ್ದೀರಿ. ಆ ಮಕ್ಕಳು ನಿಮ್ಮ ಹಂಗಿನಲ್ಲಿದ್ದಾರೆ ಅಂತ ಒಂದು ದಿನವಾದರೂ ನಿಮಗೆ ಅನ್ನಿಸಿತ್ತಾ?

ವಚನ ತಡವಾಯಿತು ಅನ್ನುತ್ತದಾ ಅಂತ ಕೇಳಿದ್ದೀರಿ. ಬಾಯಿಪಾಠ ಇದೆಯಲ್ಲ, ಎಣಿಸಿ ನೋಡಿ. ಶರೀರ ಗೂಡುವೋಗದ ಮುನ್ನ, ಅನ್ಯರಿಗೆ ಹಂಗಾಗದ ಮುನ್ನ, ಕೋಲ ಹಿಡಿಯದ ಮುನ್ನ, ಮುಪ್ಪಿಂದೊಪ್ಪವಳಿಯದ ಮುನ್ನ, ಮೃತ್ಯು ಮುಟ್ಟದ ಮುನ್ನ. ಐದು ‘ಮುನ್ನ’ ಇವೆ. ನಾಲ್ಕು ದಾಟಿದ್ದೀರಿ, ಒಪ್ಪಿದೆ. ಐದನೆಯದು ಇನ್ನೂ ದಾಟಿಲ್ಲ. ಬಸವಣ್ಣನವರು ನಾಲ್ಕಕ್ಕೇ ನಿಲ್ಲಿಸಿ ಬಾಗಿಲು ಹಾಕಬಹುದಿತ್ತು, ಹಾಕಲಿಲ್ಲ. ನಿಮಗೆ ಅಂತಲೇ ಒಂದು ಮುನ್ನ ಉಳಿಸಿದ್ದಾರೆ. ಮೊದಲಿನ ನಾಲ್ಕು ಇರುವುದು ಮುಂದೆ ಮಾಡಿದರಾಯಿತು ಅಂತ ತಿರುಗುವ ನನ್ನಂಥವರಿಗೆ, ನಿಮ್ಮ ಮಗನ ವಯಸ್ಸಿನವರಿಗೆ.

ಇದನ್ನು ಬರೆಯುವಾಗ ಇನ್ನೊಂದು ಹೊಳೆಯಿತು. ಧರ್ಮದ ಮಾತುಗಳು ಮುಪ್ಪಿನ ಬಗ್ಗೆ ಬರುವಾಗ ಎಷ್ಟೋ ಸಲ ಬುದ್ಧಿ ಹೇಳುವುದು ಚಿಕ್ಕವರಿಗೇ. ತಂದೆ ತಾಯಿ ಮುಪ್ಪಾದಾಗ ಅವರಿಗೆ ‘ಉಫ್’ ಅಂತ ಕೂಡ ಅನ್ನಬೇಡ ಅಂತ ಕುರಾನಿನ 17ನೇ ಅಧ್ಯಾಯ ಹೇಳುತ್ತದೆ. ಆ ರಾತ್ರಿ ನಾನು ಉಫ್‌ಗಿಂತ ಜಾಸ್ತಿಯೇ ಅಂದಿದ್ದೆ. ವಯಸ್ಸಾದವರಿಗೆ ಬಿಟ್ಟಿರುವುದು ಕೇಳುವ ಹಕ್ಕು. ‘ಮುಪ್ಪಿನಲ್ಲಿ ನನ್ನನ್ನು ತಳ್ಳಿಬಿಡಬೇಡ, ಬಲ ಕುಂದಿದಾಗ ಕೈಬಿಡಬೇಡ’ ಅಂತ ಬೈಬಲಿನ 71ನೇ ಕೀರ್ತನೆಯಲ್ಲಿ ಒಬ್ಬರು ಮೊರೆಯಿಡುತ್ತಾರೆ. ಅದು ಗೊಣಗಾಟವೇ ಅಲ್ವಾ? ಅದನ್ನೇ ದೇವಸ್ತುತಿ ಅಂತ ಇಟ್ಟುಕೊಂಡಿದ್ದಾರೆ. ಭೀಷ್ಮರೂ ಗೊಣಗಿದರು. ಐವತ್ತೆಂಟು ರಾತ್ರಿ ಈ ಬಾಣಗಳ ಮೇಲೆ ಮಲಗಿದ್ದು ನೂರು ವರ್ಷದ ಹಾಗಿತ್ತು ಅಂತ ಕೊನೆಯಲ್ಲಿ ಹೇಳಿಕೊಂಡರು. ನೀವು ಧಾರಾಳವಾಗಿ ಗೊಣಗಿ. ದೇವರ ಹತ್ತಿರ ಅಲ್ಲದೆ ಇನ್ಯಾರ ಹತ್ತಿರ ಗೊಣಗುತ್ತೀರಿ?

ಮುಖದಲ್ಲಿ ಸುಕ್ಕು, ತಲೆಯಲ್ಲಿ ನರೆ, ಮಕ್ಕಳ ಮಕ್ಕಳನ್ನು ಕಂಡ ಮೇಲೆ ಕಾಡಿಗೆ ಹೋಗು ಅಂತ ಮನುಸ್ಮೃತಿಯಲ್ಲಿದೆ. ಮಲೆನಾಡಿನ ಹಿರಿಯರು ಈಗ ಎಲ್ಲಿಗೂ ಹೋಗಬೇಕಾಗಿಲ್ಲ. ಅವರು ಇದ್ದಲ್ಲೇ ಇದ್ದಾರೆ, ಹೊರಟುಹೋದದ್ದು ಮಕ್ಕಳು. ಹತ್ತು ಅಂಕಣದ ಮನೆಯಲ್ಲಿ ಒಂದು ಲೈಟು ಉರಿಯುವ ಊರುಗಳು ನಮ್ಮ ಸುತ್ತ ಎಷ್ಟಿವೆ ಅಂತ ನಿಮಗೇ ಗೊತ್ತು. ಬೆಂಗಳೂರಿನಲ್ಲಿ ಈ ಪತ್ರಿಕೆ ತರಿಸುವ ಮಕ್ಕಳೂ ಇದ್ದಾರೆ. ಅವರು ಇದನ್ನು ಓದಿ ಇವತ್ತು ರಾತ್ರಿ ಒಂದು ಫೋನ್ ಮಾಡಲಿ, ಮೂತ್ರದ ತೊಂದರೆ ಇದೆಯಾ ಅಂತ ಬಾಯಿಬಿಟ್ಟು ಕೇಳಲಿ.

ಕೊನೆಗೆ ದೇವರ ಕೋಣೆ. ಎಂಟು ತಿಂಗಳು ಅಂದಿರಿ. ಮಡಿ ಕೆಡುತ್ತದೆ ಅನ್ನುವುದು ನಿಮ್ಮ ಭಯ. ಆ ಭಯವನ್ನು ಸಣ್ಣದು ಅಂತ ನಾನು ಹೇಳುವುದಿಲ್ಲ, ಹುಟ್ಟಿದಾಗಿನಿಂದ ಬಂದದ್ದು ಅದು. ಆದರೆ ಪೂಜೆಗೆ ಕೂತ ತಕ್ಷಣ ನಿಮ್ಮ ಯಜಮಾನರು ನೀರು ಪ್ರೋಕ್ಷಣೆ ಮಾಡಿಕೊಳ್ಳುವಾಗ ಹೇಳುತ್ತಿದ್ದ ಮಂತ್ರ ಕಿವಿಯಲ್ಲಿ ಇರಬೇಕಲ್ಲ. ‘ಅಪವಿತ್ರಃ ಪವಿತ್ರೋ ವಾ ಸರ್ವಾವಸ್ಥಾಂ ಗತೋಽಪಿ ವಾ.’ ಅಪವಿತ್ರನಾಗಿರಲಿ, ಪವಿತ್ರನಾಗಿರಲಿ, ಯಾವ ಸ್ಥಿತಿಯಲ್ಲೇ ಇರಲಿ, ನೆನೆದವನು ಒಳಗೂ ಹೊರಗೂ ಶುಚಿ. ‘ಸರ್ವಾವಸ್ಥಾಂ’ ಅಂದ ಮೇಲೆ ನಿಮ್ಮ ಈಗಿನ ಅವಸ್ಥೆ ಅದರೊಳಗೆ ಬರುತ್ತದೆ. ಶರಣರಂತೂ ಸೂತಕಗಳನ್ನೇ ಕಿತ್ತು ಹಾಕಿದರು. ‘ಎನ್ನ ಕಾಲೇ ಕಂಬ, ದೇಹವೇ ದೇಗುಲ’ ಅನ್ನುವುದನ್ನೂ ನೀವು ಪಾಠ ಮಾಡಿದವರೇ. ಕಂಬ ಅಲ್ಲಾಡಿದರೆ, ಮಾಡು ಸೋರಿದರೆ ದೇವರು ಎದ್ದು ಹೋಗುತ್ತಾನಾ? ಮಳೆಗಾಲದಲ್ಲಿ ಸೋರುವ ದೇವಸ್ಥಾನ ನಮ್ಮಲ್ಲಿ ಒಂದೆರಡಾ?

ಕೋಣೆಗೆ ಹೋಗಲು ಇನ್ನೂ ಮನಸ್ಸು ಒಪ್ಪದಿದ್ದರೆ ಹೋಗಬೇಡಿ, ಒತ್ತಾಯವಿಲ್ಲ. ಚಿಕ್ಕ ದೀಪ ಒಂದನ್ನು ಮಂಚಕ್ಕೆ ಕಾಣುವ ಹಾಗೆ ಕಿಟಕಿ ಮೇಲೆ ಇಡಿಸಿ. ಎಣ್ಣೆ ಆ ಹುಡುಗಿ ಬಿಡಲಿ. ಅವಳು ಎಷ್ಟು ಓದಿದ್ದಾಳೆ ಅಂತ ನೀವು ಬರೆದಿಲ್ಲ. ವಚನ ಬರುತ್ತದಾ ಕೇಳಿ. ಬರದಿದ್ದರೆ ನಿಮಗೆ ಸಂಜೆಗೊಂದು ಕೆಲಸ ಇದೆ.

ಇನ್ನೊಂದು ವಿಷಯ. ನಿಮ್ಮ ನಾಲ್ಕನೇ ಹಾಳೆಯ ಕೆಳಗಿನ ಎರಡು ಸಾಲು ಮಳೆನೀರಿಗೆ ಕಲಸಿಹೋಗಿದೆ. ‘ಆದರೂ ಒಂದೊಂದು ದಿನ’ ಅನ್ನುವವರೆಗೆ ಓದಲು ಆಯಿತು, ಮುಂದೆ ಬರೀ ನೀಲಿ. ದೀಪಕ್ಕೆ ಹಿಡಿದು ನೋಡಿದೆ, ಗೊತ್ತಾಗಲಿಲ್ಲ. ಒಂದೊಂದು ದಿನ ಏನಾಗುತ್ತದೆ ಅಂತ ಬರೆದು ಕಳಿಸಿ. ಕೈ ನಡುಗಿದರೆ ನೀವು ಹೇಳಿ, ಅವಳ ಕೈಯಲ್ಲಿ ಬರೆಸಿ. ಕಾಯುತ್ತಿರುತ್ತೇನೆ.

ಸಂಪಾದಕ